ಸೌಟು, ಬೊಗಸೆ, ಲೋಟ: ತೂಕದ ಬಗ್ಗೆ ಓದುಗರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: "ಸಿಹಿ ಬಿಟ್ಟಿದ್ದೇನೆ, ಕರಿದದ್ದು ಮುಟ್ಟುವುದಿಲ್ಲ, ಆದರೂ ತೂಕ ಇಳಿಯುತ್ತಿಲ್ಲ." ಮಲ್ಲೇಶ್ವರದ ನನ್ನ ಕೋಣೆಗೆ ಬರುವವರೂ ಹೀಗೆಯೇ ಮಾತು ಆರಂಭಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಊಟದ ಪಟ್ಟಿ ಕೇಳಿದರೆ ತಟ್ಟೆಗೆ ಬಡಿಸಿಕೊಂಡದ್ದನ್ನು ಮಾತ್ರ ಹೇಳುತ್ತಾರೆ, ಅಷ್ಟೆ. ಬಾಣಲೆಗೆ ಸುರಿದದ್ದು, ಬೊಗಸೆಯಿಂದ ಬಾಯಿಗೆ ಹಾಕಿಕೊಂಡದ್ದು, ಲೋಟದಲ್ಲಿ ಕುಡಿದದ್ದು ಆ ಪಟ್ಟಿಗೆ ಬರುವುದೇ ಇಲ್ಲ. ಹಾಗಾಗಿ ಈ ಸಂಚಿಕೆಯ ಉತ್ತರಗಳೆಲ್ಲ ಆ ಮೂರರ ಸುತ್ತಲೇ ಇವೆ.

ನಾನು ಕ್ಯಾಲೊರಿ ಎಂದಲ್ಲೆಲ್ಲ ಪೊಟ್ಟಣಗಳ ಮೇಲೆ ಕಿಲೊಕ್ಯಾಲೊರಿ ಎಂದು ಅಚ್ಚಾಗಿರುವುದೇ ಎಂದು ಓದಿಕೊಳ್ಳಿ. ಅಂಕಿಗಳೆಲ್ಲ ಅಂದಾಜು. ನಿಮ್ಮ ಸೌಟು ನನ್ನ ಸೌಟಿಗಿಂತ ದೊಡ್ಡದಿದ್ದರೆ ಲೆಕ್ಕವನ್ನೂ ಹಿಗ್ಗಿಸಿಕೊಳ್ಳಿ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಪ್ರತಿದಿನ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಒಂದು ಗಂಟೆ ನಡೆಯುತ್ತೇನೆ. ಸಿಹಿ ತಿನ್ನುವುದಿಲ್ಲ. ಸಂಜೆ ಟಿ.ವಿ. ನೋಡುತ್ತಾ ಒಂದು ಬಟ್ಟಲು ಕಾಂಗ್ರೆಸ್ ಕಡಲೆಕಾಯಿ ಮತ್ತು ಸಕ್ಕರೆಯ ಬದಲು ನಾಲ್ಕು ಖರ್ಜೂರ ತಿನ್ನುತ್ತೇನೆ. ಎರಡೂ ಆರೋಗ್ಯಕ್ಕೆ ಒಳ್ಳೆಯದಲ್ಲವೇ? ತೂಕ ಏಕೆ ಇಳಿಯುತ್ತಿಲ್ಲ?
— ಓದುಗರು, ಬಸವನಗುಡಿ

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರವಿದೆ ಸಾರ್. ಆ ಬಟ್ಟಲು ಎಷ್ಟು ದೊಡ್ಡದು?

ಕಡಲೆಕಾಯಿ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ. ಗಾಣಕ್ಕೆ ಹಾಕಿದರೆ ಬರುವ ಅದೇ ಎಣ್ಣೆ ನೀವು ಹಾಗೆಯೇ ಅಗಿದರೂ ಹೊಟ್ಟೆಗೆ ಹೋಗುತ್ತದೆ. ಪಿಷ್ಟ ಮತ್ತು ಪ್ರೋಟೀನು ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಹಾಗಾಗಿ 100 ಗ್ರಾಂ ಬೀಜಕ್ಕೆ ಸುಮಾರು 550 ಕ್ಯಾಲೊರಿ. ಸಾಧಾರಣ ಉಪ್ಪಿಟ್ಟಿನ ಬಟ್ಟಲಿನಲ್ಲಿ 75 ಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಂಡರೂ 400 ದಾಟಿತು. ನಾಲ್ಕು ಖರ್ಜೂರಕ್ಕೆ ಇನ್ನೊಂದು 90ರಿಂದ 100. ಒಟ್ಟು 500.

ಈಗ ನಡಿಗೆಯ ಕಡೆಗೆ ಬರೋಣ. 65 ಕೆ.ಜಿ. ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ 250 ಕ್ಯಾಲೊರಿಯ ಆಸುಪಾಸು ಖರ್ಚಾಗುತ್ತದೆ. ಅದರಲ್ಲಿ 65ರಷ್ಟು ಮನೆಯಲ್ಲಿ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿತ್ತು. ಚುರುಕು ಎಂಬ ಮಾತನ್ನೂ ಗಮನಿಸಿ. ಲಾಲ್‌ಬಾಗಿನ ಬಂಡೆಯ ಬಳಿ ನಿಂತು ರಾಜಕೀಯ ಮಾತಾಡಿದ ಹೊತ್ತು ಇದರಲ್ಲಿ ಸೇರುವುದಿಲ್ಲ. ಅಂದರೆ ಬೆಳಗಿನ ಗಳಿಕೆಯ ಎರಡರಷ್ಟನ್ನು ನೀವು ಸಂಜೆ ವಾರ್ತೆ ಮುಗಿಯುವುದರೊಳಗೆ ಬಾಯಿಗೆ ಹಾಕಿಕೊಂಡಿರುತ್ತೀರಿ. ನಡಿಗೆ ಮುಗಿಸಿ ಗೇಟಿನ ಹೊರಗೆ ದೋಸೆ ತಿನ್ನುವವರನ್ನು ನಾನು ಬಲ್ಲೆ; ನೀವು ಆ ಗುಂಪಿನವರೋ ಅಲ್ಲವೋ ಪತ್ರದಲ್ಲಿ ಬರೆದಿಲ್ಲ. ನಾನೂ ಕೇಳುವುದಿಲ್ಲ.

ಕಡಲೆಕಾಯಿ ಕೆಟ್ಟದ್ದು ಎಂದು ನಾನು ಹೇಳಿದೆ ಎಂದು ಯಾರೂ ಹಬ್ಬಿಸಬೇಡಿ. ಪ್ರೋಟೀನು, ನಾರು, ಹೃದಯಕ್ಕೆ ಹಿತವಾದ ಕೊಬ್ಬು ಎಲ್ಲವೂ ಅದರಲ್ಲಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲೂ, 2,000 ಕ್ಯಾಲೊರಿಯ ದಿನಕ್ಕೆ 35 ಗ್ರಾಂ ಬೀಜಗಳಿಗೆ ಜಾಗವಿದೆ. 35 ಗ್ರಾಂ ಎಂದರೆ ಒಂದು ಹಿಡಿಗಿಂತ ಸ್ವಲ್ಪ ಹೆಚ್ಚು. ಬಟ್ಟಲಲ್ಲ.

ನಿಮ್ಮ ಊರಿನವರಿಗೆ ನಾನು ಕೊಡುವ ಸಲಹೆ ಬೇರೆಯೇ ಇದೆ. ಕಾರ್ತೀಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆ ಪರಿಷೆ ನಡೆಯುತ್ತದಲ್ಲ, ಅಲ್ಲಿ ಸಿಗುವಂಥ ಸಿಪ್ಪೆಸಹಿತ ಕಡಲೆಕಾಯಿ ತಂದು ಉಪ್ಪುನೀರಿನಲ್ಲಿ ಬೇಯಿಸಿ ತಿನ್ನಿ. ಬೆಂದ ಬೀಜ ನೀರು ಕುಡಿದು ಭಾರವಾಗುವುದರಿಂದ 100 ಗ್ರಾಂಗೆ 320ರ ಹತ್ತಿರ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಿಪ್ಪೆ. ಒಂದೊಂದನ್ನೇ ಬಿಡಿಸಬೇಕು, ಬೆರಳು ಒದ್ದೆಯಾಗುತ್ತದೆ, ಸಿಪ್ಪೆಯ ರಾಶಿ ಕಣ್ಣೆದುರು ಬೆಳೆಯುತ್ತದೆ, ಎಷ್ಟು ತಿಂದೆವು ಎಂಬುದು ಮರೆಯುವುದಿಲ್ಲ. ಬಿಡಿಸಿ, ಒಗ್ಗರಣೆ ಹಾಕಿ, ಖಾರ ಬೆರೆಸಿ ಸಿದ್ಧಪಡಿಸಿಟ್ಟ ಕಾಂಗ್ರೆಸ್ ಕಡಲೆಕಾಯಿಗೆ ಅಂಥ ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ಆರು ತಿಂಗಳಿನಿಂದ ರಾತ್ರಿ ಅನ್ನ ಬಿಟ್ಟು ನಾಲ್ಕು ಚಪಾತಿ, ಪಲ್ಯ ತಿನ್ನುತ್ತಿದ್ದೇನೆ. ಅಡುಗೆಗೆ ತುಂಬಾ ಕಡಿಮೆ ಎಣ್ಣೆ ಬಳಸುತ್ತೇನೆ. ಒಂದು ಗ್ರಾಂ ಕೂಡ ಇಳಿದಿಲ್ಲ. ಮುದ್ದೆ ತಿನ್ನಬಹುದೇ?
— ಗೃಹಿಣಿ, ರಾಜಾಜಿನಗರ

ಉತ್ತರ: ಅನ್ನದ ಮೇಲೆ ಬೆಂಗಳೂರಿಗೆ ಇದೇನು ಮುನಿಸೋ ತಿಳಿಯದು. ಅಕ್ಕಿ, ಗೋಧಿ, ರಾಗಿ ಯಾವುದನ್ನೇ ತೂಗಿ ನೋಡಿ, ಒಣ ಧಾನ್ಯವಾಗಿ 100 ಗ್ರಾಂಗೆ 320ರಿಂದ 350ರ ನಡುವೆ ಇರುತ್ತವೆ. ನಾರು, ಸುಣ್ಣದಂಶ, ಸಕ್ಕರೆ ರಕ್ತಕ್ಕೆ ಏರುವ ವೇಗ ಇವುಗಳಲ್ಲಿ ವ್ಯತ್ಯಾಸವಿದೆ. ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಂದ ಅನ್ನ 200 ಗ್ರಾಂ, ಅಂದರೆ ಒಂದು ದೊಡ್ಡ ಬಟ್ಟಲು, ಸುಮಾರು 260. ಒಂದೊಂದಕ್ಕೆ 30 ಗ್ರಾಂ ಹಿಟ್ಟು ಹಿಡಿದರೂ ನಾಲ್ಕು ಚಪಾತಿಗೆ 400. ಪ್ರತಿ ಚಪಾತಿಗೆ ಒಂದು ಟೀ ಚಮಚ ಎಣ್ಣೆ ಸವರಿದರೆ ಇನ್ನೊಂದು 160. ಕಡಿಮೆಯದನ್ನು ಬಿಟ್ಟು ಹೆಚ್ಚಿನದನ್ನು ಹಿಡಿದಿದ್ದೀರಿ. ಮುದ್ದೆ ಧಾರಾಳವಾಗಿ ತಿನ್ನಿ, 75 ಗ್ರಾಂ ಹಿಟ್ಟಿನದಾದರೆ 240 ಕ್ಯಾಲೊರಿ. ಆದರೆ ಮಿಲಿಟರಿ ಹೋಟೆಲಿನ ಮುದ್ದೆಯನ್ನು ಒಂದು ಎಂದು ಎಣಿಸಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು "ತುಂಬಾ ಕಡಿಮೆ ಎಣ್ಣೆ". ನನ್ನ ಬಳಿ ಬರುವವರಿಗೆ ಎರಡನೆಯ ಭೇಟಿಗೆ ಅಡುಗೆಮನೆಯ ಎಣ್ಣೆ ಸೌಟನ್ನು ಚೀಲದಲ್ಲಿ ಹಾಕಿಕೊಂಡು ಬರಲು ಹೇಳುತ್ತೇನೆ. ಮೇಜಿನ ಮೇಲಿನ ತಕ್ಕಡಿಯಲ್ಲಿ ಅದರಷ್ಟು ನೀರು ತೂಗುತ್ತೇವೆ. "ಒಂದು ಚಮಚ" ಎಂದು ಅವರು ಕರೆಯುವುದು ಹೆಚ್ಚಿನ ಮನೆಗಳಲ್ಲಿ ಮೂರು ಟೇಬಲ್ ಚಮಚ ಹಿಡಿಯುವ ಸೌಟು. ಒಂದು ಟೇಬಲ್ ಚಮಚ ಎಣ್ಣೆ 120 ಕ್ಯಾಲೊರಿ. ಸೂರ್ಯಕಾಂತಿ, ಕಡಲೆಕಾಯಿ, ಕೊಬ್ಬರಿ, ಆಲಿವ್, ಮರದ ಗಾಣದ್ದು, ಕಬ್ಬಿಣದ ಗಾಣದ್ದು, ಎಲ್ಲಕ್ಕೂ ಅಷ್ಟೇ. ದುಬಾರಿ ಎಣ್ಣೆ ತಂದಿದ್ದೇವೆಂದು ಸೌಟು ಧಾರಾಳವಾಗಿ ಆಡಿಸುವ ಮನೆಗಳನ್ನೂ ಕಂಡಿದ್ದೇನೆ.

ಸೌಟಿನ ಲೆಕ್ಕ ಬೇಸರವೆನಿಸಿದರೆ ಕಿರಾಣಿ ಚೀಟಿ ನೋಡಿ. ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8,200 ಕ್ಯಾಲೊರಿ ಇದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಬರುತ್ತದೆ ಎಂದರೆ ತಲೆಗೆ ದಿನಕ್ಕೆ 38 ಗ್ರಾಂ, ಹತ್ತಿರ ಹತ್ತಿರ 340 ಕ್ಯಾಲೊರಿ. ಮೇಲೆ ಹೇಳಿದ ಮಾದರಿ ತಟ್ಟೆಯಲ್ಲಿ ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ. ಅಂದರೆ ನಿಮ್ಮ ಮನೆ ಮೂರೂವರೆ ಲೀಟರಿಗೆ ಇಳಿಯಬೇಕು. ತಿಂಗಳ ಮೊದಲ ದಿನ ಅಷ್ಟನ್ನೇ ತಂದಿಟ್ಟು, ಮುಗಿದ ಮೇಲೆ ತಿಂಗಳು ಮುಗಿಯುವವರೆಗೆ ಇಡ್ಲಿ, ಕಡುಬು, ಹುಳಿ, ತಂಬುಳಿಗಳಲ್ಲಿ ದಿನ ತಳ್ಳಿ ನೋಡಿ. ಹಳೆಯ ಅಡುಗೆಗಳೆಲ್ಲ ನೆನಪಾಗುತ್ತವೆ.

ಪ್ರಶ್ನೆ: ನನ್ನ ಅಜ್ಜಿ ಬೆಣ್ಣೆ, ತುಪ್ಪ, ಬೆಲ್ಲ ತಿಂದು ತೊಂಬತ್ತು ವರ್ಷ ಗಟ್ಟಿಯಾಗಿದ್ದರು. ನೀವು ಚಮಚ ಎಣಿಸುತ್ತಿದ್ದೀರಿ.
— ಓದುಗರು, ಯಲಹಂಕ

ಉತ್ತರ: ಇದು ಪ್ರಶ್ನೆಯಲ್ಲ, ಆದರೂ ಉತ್ತರಿಸುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯ ಪ್ರಕಾರ ಕುಳಿತು ಕೆಲಸ ಮಾಡುವ 55 ಕೆ.ಜಿ. ತೂಕದ ಮಹಿಳೆಗೆ ದಿನಕ್ಕೆ 1,660 ಕ್ಯಾಲೊರಿ ಸಾಕು. ಅದೇ ತೂಕದ, ಮೈಮುರಿದು ದುಡಿಯುವ ಮಹಿಳೆಗೆ 2,720 ಬೇಕು. ನಡುವಿನ ಸಾವಿರವೇ ನಿಮ್ಮ ಅಜ್ಜಿಯ ಬೆಣ್ಣೆ, ತುಪ್ಪ, ಬೆಲ್ಲ. ಬಾವಿಯಿಂದ ನೀರು ಸೇದಿ, ರಾಗಿ ಬೀಸಿ, ಕೊಟ್ಟಿಗೆ ಗುಡಿಸಿ ಅವರು ಅದನ್ನು ಅಂದಂದೇ ತೀರಿಸುತ್ತಿದ್ದರು. ನೀವು ಏನು ಕೆಲಸ ಮಾಡುತ್ತೀರೆಂದು ಬರೆದಿಲ್ಲ.

ಪ್ರಶ್ನೆ: ಕಚೇರಿಯಲ್ಲಿ ಮಧ್ಯಾಹ್ನ ಊಟ ಬಿಟ್ಟು ಒಂದು ದೊಡ್ಡ ಲೋಟ ಬಟರ್ ಫ್ರೂಟ್ ಜ್ಯೂಸ್ ಮತ್ತು ಸಲಾಡ್ ತೆಗೆದುಕೊಳ್ಳುತ್ತೇನೆ. ಮೂರು ಗಂಟೆಗೆ ಮತ್ತೆ ಹಸಿವು. ಇದು ಸರಿಯೇ?
— ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಬೆಣ್ಣೆಹಣ್ಣಿಗೆ ಆ ಹೆಸರು ಸುಮ್ಮನೆ ಬಂದಿಲ್ಲ. ಸೇಬು 100 ಗ್ರಾಂಗೆ 50ರ ಹತ್ತಿರವಿದ್ದರೆ ಇದು 160. ಆದರೂ ಹಣ್ಣಿನ ಮೇಲೆ ನನಗೆ ದೂರಿಲ್ಲ. ನಮ್ಮೂರಿನ ಜ್ಯೂಸ್ ಅಂಗಡಿಯ ಮಿಕ್ಸಿಯೊಳಗೆ ಅದರ ಜೊತೆ ಏನೇನು ಬೀಳುತ್ತದೆ ನಿಂತು ನೋಡಿ. 100 ಗ್ರಾಂ ತಿರುಳು 160, ಒಂದೂವರೆ ನೂರು ಮಿಲಿಲೀಟರ್ ಹಾಲು 90, ಐದು ಚಮಚ ಸಕ್ಕರೆ 100, ಮೇಲೊಂದು ಉಂಡೆ ಐಸ್‌ಕ್ರೀಮ್ 120. ಒಟ್ಟು 470. ಸಲಾಡಿನಲ್ಲಿ ಸೌತೆಕಾಯಿ, ಎಲೆಕೋಸು ಲೆಕ್ಕಕ್ಕೇ ಇಲ್ಲ, ಆದರೆ ಬೆಳ್ಳಗೆ ಮೆತ್ತಿಕೊಂಡಿರುತ್ತದಲ್ಲ ಮೇಯನೇಸ್, ಅದು ಟೇಬಲ್ ಚಮಚಕ್ಕೆ 95. ಮೂರು ಚಮಚ ಹಾಕಿದ್ದರೆ ನಿಮ್ಮ "ಊಟ ಬಿಟ್ಟದ್ದು" 750 ಕ್ಯಾಲೊರಿ ದಾಟಿತು. ಎರಡು ಚಪಾತಿ, ಒಂದು ಬಟ್ಟಲು ಅನ್ನ, ಸಾರು, ಹುರುಳಿಕಾಯಿ ಪಲ್ಯ, ಮಜ್ಜಿಗೆ ಸೇರಿಸಿದರೂ ಅಷ್ಟಾಗುವುದಿಲ್ಲ.

ಮೂರು ಗಂಟೆಯ ಹಸಿವಿಗೂ ಕಾರಣವಿದೆ. ಕುಡಿದ ಕ್ಯಾಲೊರಿ ಅಗಿದು ತಿಂದ ಕ್ಯಾಲೊರಿಯಷ್ಟು ಹೊಟ್ಟೆ ತುಂಬಿಸುವುದಿಲ್ಲ. ಬೆಣ್ಣೆಹಣ್ಣು ಇಷ್ಟವಿದ್ದರೆ ಅರ್ಧ ಹಣ್ಣು ಹೆಚ್ಚಿ, ಉಪ್ಪು, ಮೆಣಸಿನ ಪುಡಿ, ನಿಂಬೆರಸ ಹಾಕಿ ಊಟದ ಜೊತೆ ತಿನ್ನಿ. ಸಲಾಡಿಗೆ ನಮ್ಮ ಕೋಸಂಬರಿ ಇದೆ. ನೆನೆಸಿದ ಹೆಸರುಬೇಳೆ ಅದರಲ್ಲಿರುವುದರಿಂದ ಸಂಜೆಯವರೆಗೆ ತಡೆಯುತ್ತದೆ.

ಪ್ರಶ್ನೆ: ಕೆಲಸದ ಕಾರಣ ದಿನವೂ ಬೆಳಗಿನ ತಿಂಡಿ ದರ್ಶಿನಿಯಲ್ಲಿ. ಯಾವುದು ತಿಂದರೆ ಕ್ಯಾಲೊರಿ ಕಡಿಮೆ? ರವೆ ಇಡ್ಲಿ ಸರಿಯೇ?
— ಆಟೊ ಚಾಲಕರು, ಯಶವಂತಪುರ

ಉತ್ತರ: ಸಾದಾ ಇಡ್ಲಿಗೆ ಸಾಟಿಯಿಲ್ಲ, ಹಬೆಯಲ್ಲಿ ಬೆಂದದ್ದು, ಒಂದಕ್ಕೆ 60ರಿಂದ 80. ಒಂದು ಉದ್ದಿನ ವಡೆಗೆ ಎರಡು ಇಡ್ಲಿಯಷ್ಟು, ಮಸಾಲೆ ದೋಸೆಗೆ ಕಾವಲಿಯ ಮೇಲೆ ಎಷ್ಟು ತುಪ್ಪ ಬಿತ್ತು ಎಂಬುದರ ಮೇಲೆ 350ರಿಂದ 500. ಚೌ ಚೌ ಬಾತ್ ಕೂಡ ಐನೂರರ ಹತ್ತಿರ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಕೇಸರಿಬಾತಿನದು. ಒಂದು ಸಣ್ಣ ಗುಪ್ಪೆಗೆ ರವೆಯಷ್ಟೇ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ, ಜೊತೆಗೆ ತುಪ್ಪ.

ರವೆ ಇಡ್ಲಿಯ ಕಥೆಯೇ ಬೇರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ಲಾಲ್‌ಬಾಗ್ ಬಳಿಯ ಎಂ.ಟಿ.ಆರ್.ನವರು ರವೆಯಲ್ಲಿ ಪ್ರಯತ್ನಿಸಿ ಊರಿಗೆ ಕೊಟ್ಟ ತಿಂಡಿ ಅದು. ರುಚಿಗೆ ನಾನೂ ಸೋತವಳೇ. ಆದರೆ ಇಡ್ಲಿ ಎಂಬ ಹೆಸರನ್ನು ನಂಬಿ ಹಗುರವೆಂದುಕೊಳ್ಳಬೇಡಿ. ರವೆಯನ್ನು ತುಪ್ಪದಲ್ಲಿ ಹುರಿಯುತ್ತಾರೆ, ಒಗ್ಗರಣೆ ಬೀಳುತ್ತದೆ, ಗೋಡಂಬಿ ಕೂರುತ್ತದೆ, ಬಡಿಸುವಾಗ ಪಕ್ಕದಲ್ಲಿ ಇನ್ನಷ್ಟು ತುಪ್ಪ. ಅಪರೂಪಕ್ಕೆ ತಿನ್ನಿ, ದಿನಕ್ಕಲ್ಲ.

ಇಡ್ಲಿ ತಿನ್ನುವವರು ಎಡವುವುದು ಚಟ್ನಿಯಲ್ಲಿ. ಒಂದು ಸೌಟು ಕಾಯಿ ಚಟ್ನಿಗೆ, ಕಾಯಿ ಎಷ್ಟು ಧಾರಾಳವಾಗಿ ಹಾಕಿದ್ದಾರೆ ನೋಡಿಕೊಂಡು, 80ರಿಂದ 100. ಮೂರು ಸಲ ಹಾಕಿಸಿಕೊಂಡರೆ ಇಡ್ಲಿಗಿಂತ ಚಟ್ನಿಯೇ ಹೆಚ್ಚಾಯಿತು. ಎರಡನೆಯ ಸಲ ಸಾಂಬಾರಿನ ಕಡೆ ಕೈ ಚಾಚಿ.

ಆಮೇಲೆ ಕಾಫಿ. ನೂರು ಮಿಲಿಲೀಟರ್ ನೀಲಿ ಪ್ಯಾಕೆಟ್ ಹಾಲಿಗೆ 60, ಎರಡು ಚಮಚ ಸಕ್ಕರೆಗೆ 40, ಡಿಕಾಕ್ಷನ್ನಿಗೆ ಏನೂ ಇಲ್ಲ. ಒಂದು ಲೋಟಕ್ಕೆ ನೂರು. ನಿಲ್ದಾಣದಲ್ಲಿ ಕಾಯುವವರು ದಿನಕ್ಕೆ ಐದು ಸಲ ಕುಡಿದರೆ ಐನೂರು, ಅಂದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಮಸಾಲೆ ದೋಸೆ. ಬೈ-ಟು ಕುಡಿಯುವ ಪದ್ಧತಿ ಕಂಡುಹಿಡಿದ ಬೆಂಗಳೂರಿಗರಿಗೆ ನನ್ನ ನಮಸ್ಕಾರ. ಜೊತೆಗಾರರನ್ನು ಹುಡುಕಿಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಹೊಟ್ಟೆ ತುಂಬಾ ತಿನ್ನಲಾಗುವುದಿಲ್ಲ, ಹಗುರವಾಗಿರಲಿ ಎಂದು ಚಹಾದ ಜೊತೆ ರಸ್ಕ್ ಕೊಡುತ್ತೇವೆ. ಬ್ರೆಡ್ಡಿಗಿಂತ ರಸ್ಕ್ ಹಗುರವಲ್ಲವೇ?
— ಓದುಗರು, ವಿಜಯನಗರ

ಉತ್ತರ: ಕೈಗೆ ಹಗುರ, ನಿಜ. ಬೇಕರಿಯವರು ಬ್ರೆಡ್ಡನ್ನು ಮತ್ತೊಮ್ಮೆ ಒಲೆಗೆ ಹಾಕಿ ಒಣಗಿಸಿದ್ದೇ ರಸ್ಕ್; ಹೋದದ್ದು ನೀರು, ಕ್ಯಾಲೊರಿ ಹೋಗಲಿಲ್ಲ. ಅದರ ಹಿಟ್ಟಿಗೆ ಸಕ್ಕರೆ, ಕೊಬ್ಬನ್ನೂ ಸಾಮಾನ್ಯವಾಗಿ ಹೆಚ್ಚು ಹಾಕಿರುತ್ತಾರೆ. 100 ಗ್ರಾಂ ಬ್ರೆಡ್ಡಿಗೆ 250 ಆದರೆ ರಸ್ಕಿಗೆ 400ರ ಮೇಲೆ. ದ್ರಾಕ್ಷಿ 70, ಒಣದ್ರಾಕ್ಷಿ 300. ಹಸಿ ತೆಂಗಿನಕಾಯಿ 350ರಿಂದ 400, ಒಣಕೊಬ್ಬರಿ 600ಕ್ಕೂ ಮೇಲೆ. ನೀರು ಹೋದಲ್ಲೆಲ್ಲ ಇದೇ ಕಥೆ.

ನಿಮ್ಮ ತಾಯಿಯ ವಿಷಯದಲ್ಲಿ ಆ ಕ್ಯಾಲೊರಿ ತೊಂದರೆಯೇನಲ್ಲ, ಸ್ವಲ್ಪವೇ ತಿನ್ನುವವರಿಗೆ ಅದು ಬೇಕಾದದ್ದೇ. ಆದರೆ ರಸ್ಕಿನಲ್ಲಿ ಪ್ರೋಟೀನು ಕಡಿಮೆ. ಗಟ್ಟಿ ಮೊಸರು, ಹೆಸರುಬೇಳೆ ಪೊಂಗಲ್, ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಕೊಡಿ. ನಿಜವಾಗಿ ಕೈಗೂ ಹೊಟ್ಟೆಗೂ ಹಗುರವಾದದ್ದು ಬೇಕೆನ್ನುವ ಉಳಿದವರಿಗೆ ಮಂಡಕ್ಕಿ ಇದೆ. ತೂಕಕ್ಕೆ ತೂಕ ಅದೂ ಅಕ್ಕಿಯಷ್ಟೇ, ಆದರೆ ಒಂದು ದೊಡ್ಡ ಲೋಟ ತುಂಬಿದರೂ 15 ಗ್ರಾಂ, 55 ಕ್ಯಾಲೊರಿ. ಎಣ್ಣೆ ಸುರಿದು ಖಾರ ಮಂಡಕ್ಕಿ ಮಾಡಿದ ಮೇಲೆ ನನ್ನನ್ನು ಕೇಳಬೇಡಿ.

ಪ್ರಶ್ನೆ: ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ತೂಕ ಇಳಿಯುತ್ತದೆಯೇ?
— ಓದುಗರು, ಹನುಮಂತನಗರ

ಉತ್ತರ: ಇಲ್ಲ. 100 ಗ್ರಾಂ ಸಕ್ಕರೆ 400ರ ಹತ್ತಿರ, ಬೆಲ್ಲ 380ರ ಹತ್ತಿರ. ಬೆಲ್ಲದ ಪುಡಿಯನ್ನು ಚಮಚದ ಮೇಲೆ ಗೋಪುರ ಕಟ್ಟಿ ಹಾಕಿಕೊಳ್ಳುವುದರಿಂದ ಆ ಇಪ್ಪತ್ತೂ ಉಳಿಯುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ "ಬೇಯಿಸಿದ್ದು, ಕರಿದದ್ದಲ್ಲ", "ಬಹುಧಾನ್ಯ", "ಡಯಟ್ ಮಿಕ್ಸ್ಚರ್" ಎಂದೆಲ್ಲ ಬರೆದ ಪೊಟ್ಟಣಗಳು ಬರುತ್ತವೆ. ನಂಬಬಹುದೇ?
— ಶಿಕ್ಷಕಿ, ಕೆಂಗೇರಿ

ಉತ್ತರ: ಪೊಟ್ಟಣದ ಮುಖ ನೋಡಬೇಡಿ, ಬೆನ್ನು ತಿರುಗಿಸಿ. 100 ಗ್ರಾಂಗೆ ಎಷ್ಟು ಎಂಬ ಸಾಲನ್ನು ಮಾತ್ರ ಓದಿ. ಪಕ್ಕದಲ್ಲೇ "ಒಂದು ಬಾರಿಯ ಪ್ರಮಾಣಕ್ಕೆ" ಎಂದು ಸಣ್ಣ ಅಂಕಿ ಇರುತ್ತದೆ. ಆ ಪ್ರಮಾಣ 20 ಗ್ರಾಂ ಆಗಿದ್ದರೆ ಅದು ನಿಮ್ಮ ಶಾಲೆಯ ಮಕ್ಕಳಿಗೂ ಎರಡು ತುತ್ತು. ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಖಾರಾಬೂಂದಿ ಎಲ್ಲ 500ರಿಂದ 550ರ ಮಟ್ಟದವು. ಹೊಸ ಪೊಟ್ಟಣದ್ದು 450 ಇದ್ದರೆ ಉಳಿತಾಯ ಅಷ್ಟಕ್ಕಷ್ಟೇ. ಅದರ ಧೈರ್ಯದ ಮೇಲೆ ಎರಡರಷ್ಟು ತಿನ್ನುವುದಾದರೆ ಅಮ್ಮ ಮಾಡಿದ ಎರಡು ಚಕ್ಕುಲಿಯೇ ವಾಸಿ.

ಪ್ರಶ್ನೆ: ಎಲ್ಲರೂ ಇಳಿಸುವುದನ್ನೇ ಕೇಳುತ್ತಾರೆ. ನನಗೆ ಇಪ್ಪತ್ತು ವರ್ಷ, 41 ಕೆ.ಜಿ., ಪಿ.ಜಿ.ಯಲ್ಲಿದ್ದೇನೆ. ಎಷ್ಟು ತಿಂದರೂ ತೂಕ ಏರುವುದಿಲ್ಲ. ತೂಕ ಏರಿಸುವ ಪುಡಿ ತೆಗೆದುಕೊಳ್ಳಲೇ?
— ವಿದ್ಯಾರ್ಥಿನಿ, ಮೂಲ ಊರು ಹಾಸನ

ಉತ್ತರ: ಬೇಡ. ಮೊದಲು ಒಮ್ಮೆ ವೈದ್ಯರನ್ನು ನೋಡಿ ಥೈರಾಯ್ಡ್, ರಕ್ತಹೀನತೆ, ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿ. ಇತ್ತೀಚೆಗೆ ಕಾರಣವಿಲ್ಲದೆ ತೂಕ ಇಳಿದಿದ್ದರೆ ತಡಮಾಡಲೇಬಾರದು. ಎಲ್ಲವೂ ಸರಿಯಿದ್ದರೆ, ಮೇಲಿನವರಿಗೆಲ್ಲ ನಾನು ಕೈ ಬಿಗಿಹಿಡಿಯಿರಿ ಎಂದದ್ದನ್ನು ನೀವು ಕೈ ಸಡಿಲಿಸಿ ತಿನ್ನಿ.

"ಎಷ್ಟು ತಿಂದರೂ" ಎನ್ನುವವರಲ್ಲಿ ಹೆಚ್ಚಿನವರು ಎರಡು ಹೊತ್ತು ಸರಿಯಾಗಿ ತಿಂದು ಬೆಳಗಿನ ತಿಂಡಿ ಬಿಟ್ಟಿರುತ್ತಾರೆ. ಅದನ್ನು ಸರಿಪಡಿಸಿ. ಆಮೇಲೆ ಊಟದ ಪ್ರಮಾಣ ಹೆಚ್ಚಿಸಲು ಒದ್ದಾಡಬೇಡಿ. ಇದ್ದ ಊಟಕ್ಕೇ ಸೇರಿಸಿ. ಬಿಸಿ ಅನ್ನಕ್ಕೆ ಎರಡು ಟೀ ಚಮಚ ತುಪ್ಪ 80, ಮಲಗುವ ಮುನ್ನ ಒಂದು ಲೋಟ ಹಾಲು 120, ಎರಡು ಏಲಕ್ಕಿ ಬಾಳೆಹಣ್ಣು 110, ತರಗತಿಗಳ ನಡುವೆ ಒಂದು ಕಡಲೆಕಾಯಿ ಚಿಕ್ಕಿ 150. ದಿನಕ್ಕೆ 460 ಹೆಚ್ಚಾಯಿತು, ಹೊಟ್ಟೆ ಬಿರಿಯಲಿಲ್ಲ. ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಇಟ್ಟುಕೊಂಡರೆ ಪಿ.ಜಿ.ಯ ಎಂಥ ಚಪಾತಿಯೂ ಇಳಿಯುತ್ತದೆ. ತಿಂಗಳಿಗೆ ಒಂದು, ಒಂದೂವರೆ ಕೆ.ಜಿ. ಏರಿದರೆ ಸಾಕು, ಅವಸರವಿಲ್ಲ.

ತುಪ್ಪವನ್ನು ಹಾಸನದಿಂದಲೇ ತರಿಸಿಕೊಳ್ಳಿ. ಡಬ್ಬಿಯನ್ನು ಕೋಣೆಯ ಗೆಳತಿಯರ ಕಣ್ಣಿಗೆ ಬೀಳದಂತೆ ಇಡಿ, ಇಲ್ಲದಿದ್ದರೆ ಮುಂದಿನ ತಿಂಗಳು ತೂಕ ಇಳಿಸುವುದು ಹೇಗೆಂದು ಅವರ ಪತ್ರ ನನಗೆ ಬರುತ್ತದೆ.